ಮಾವನ ಬೈಕಿಗೆ ತೆಳು ಆಯಿಲ್

ಹೊಸ ಬೈಕು ಇರುವವನು ಅದನ್ನು ಓಡಿಸುತ್ತಾನೆ. ಹಳೆಯ ಬೈಕು ಇರುವವನು ಅದನ್ನು ಆಲಿಸುತ್ತಾನೆ. ನಾನು ಎರಡನೆಯ ಪಂಗಡದವನು. ಅದರಲ್ಲೂ ಹುಟ್ಟಾ ಪುಕ್ಕಲ. ಕುಕ್ಕರು ಸೀಟಿ ಹಾಕುವ ಮೊದಲೇ ಅಂಗಳಕ್ಕೆ ಹೋಗಿ ನಿಲ್ಲುವವನು, ಬಸ್ಸಿನಲ್ಲಿ ಡ್ರೈವರನ ಆಕಳಿಕೆಗಳ ಮೇಲೆ ಕಣ್ಣಿಡುವವನು. ಇಂಥವನ ಕೈಗೆ ಹೆಚ್ಚುಕಡಿಮೆ ನನ್ನದೇ ಪ್ರಾಯದ ಒಂದು ಬೈಕನ್ನು ಕೊಟ್ಟವರು ನನಗೆ ಹೆಣ್ಣು ಕೊಟ್ಟ ಮಾವ. ಅವರು ಕುಮಟೆ ಕಡೆಯ ಮೀನುಗಾರಿಕೆ ಬೋಟುಗಳಲ್ಲಿ ಆಯುಷ್ಯವಿಡೀ ಡ್ರೈವರಾಗಿದ್ದವರು. ನಡುಸಮುದ್ರದಲ್ಲಿ ಕೆಟ್ಟು ನಿಂತ ಎಂಜಿನ್ನನ್ನು ಬರೀ ಗದರಿಸಿ ಚಾಲೂ ಮಾಡಿದವರೆಂದು ಪ್ರತೀತಿ. ಮಾತು ಕಡಿಮೆ, ಮೀಸೆ ಜಾಸ್ತಿ. ಮೊಣಕಾಲು ನೋವು, ಇನ್ನು ಕಿಕ್ ಹೊಡೆಯಲಾಗದು ಎಂದು ಬೈಕನ್ನು ನನಗೆ ಒಪ್ಪಿಸುವಾಗ ಅವರು ಹೇಳಿದ್ದು ಒಂದೇ ಮಾತು: “ಮಾಸ್ತರ್ರೆ, ಆಯಿಲ್ ಮಾತ್ರ ಸಮಾ ನೋಡಿ ಹಾಕಿ.”

ಸಮಾ ಎಂದರೆ ಯಾವುದು? ಕೇಳುವ ಧೈರ್ಯ ಆಗಲಿಲ್ಲ. ಭಟ್ಕಳದ ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಸ್ತರ. ಸಂಧಿ, ಸಮಾಸವಾದರೆ ಹೇಳಬಲ್ಲೆ. ಸ್ಟಾಫ್ ರೂಮಿನಲ್ಲಿ ವಿಚಾರಿಸಿದರೆ ವಿಜ್ಞಾನದ ಮಾಸ್ತರರು ಗಂಭೀರವಾದರು. “ಎಂಜಿನ್ನಿಗೆ ಆಯಿಲ್ ಅಂದ್ರೆ ಮನುಷ್ಯರಿಗೆ ರಕ್ತ ಇದ್ದ ಹಾಗೆ. ಗುಂಪು ತಪ್ಪಿದ್ರೆ ಆಸಾಮಿ ಉಳೀತಾನಾ? ಹಳೇ ಗಾಡಿಗೆ ದಪ್ಪ ಆಯಿಲೇ ಬೇಕು. ತೆಳು ಹಾಕಿದ್ರೆ ಓಡ್ತಾ ಓಡ್ತಾ ಒಳಗೆ ಸೀಜ್ ಆಗಿ, ಹಿಂದಿನ ಚಕ್ರ ಗಪ್ಪಂತ ನಿಂತುಬಿಡ್ತದೆ.”

“ಮೇಲೆ ಕೂತವನು?”

“ಅವನು ನಿಲ್ಲೂದಿಲ್ಲ. ಮುಂದೆ ಹೋಗ್ತಾನೆ.”

ಅಂದಿನಿಂದ ಆ ‘ಮುಂದೆ ಹೋಗುವವನು’ ನನ್ನ ಕಣ್ಣಿಂದ ಮರೆಯಾಗಲಿಲ್ಲ. ದಪ್ಪ ಆಯಿಲನ್ನೇ ತರಬೇಕೆಂದು ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಬಹಳ ಪ್ರೀತಿಯ ಮನುಷ್ಯ. “ದಪ್ಪದು ಈಗ ಬರೂದೇ ಇಲ್ಲ ಮಾಸ್ಟರ್ ಸಾಬ್. ಇದು ತಗೊಳ್ಳಿ, ತೆಳು ಮಾಲು. ಈಗಿನ ಗಾಡಿಗೆಲ್ಲ ಇದೇ” ಎಂದರು.

“ನಂದು ಹಳೇ ಗಾಡಿ.”

“ಗಾಡಿಗೆ ಹೇಳಬೇಡಿ, ಆತಲ್ಲ? ಎಂತ ಫಿಕರ್?”

ಬೇಡ ಅನ್ನುವುದಕ್ಕೂ ಧೈರ್ಯ ಬೇಕು. ಡಬ್ಬಿ ತಂದೆ, ಹಾಕಿಸಿದೆ. ಮಾರನೆಯ ದಿನದಿಂದಲೇ ಎಂಜಿನ್ ಟಕಟಕ ಎನ್ನತೊಡಗಿತು. ಮೊದಲೂ ಹಾಗೆ ಅನ್ನುತ್ತಿತ್ತೋ ಏನೋ, ಆಗ ನಾನು ಕೇಳಿಸಿಕೊಂಡಿರಲಿಲ್ಲ. ಮುಟ್ಟಳ್ಳಿಯ ನಮ್ಮ ಅಂಗಳದಲ್ಲಿ ಬೈಕಿನ ಕೆಳಗೆ ಕಪ್ಪು ಬೊಟ್ಟೊಂದು ಬಿತ್ತು. ಎರಡು ದಿನಕ್ಕೆ ಅದು ದೋಸೆಯಷ್ಟಾಯಿತು. ನಾನು ಅದರ ಮೇಲೆ ಮಣ್ಣು ಹಾಕಿ ತುಳಿದೆ. ಹೆಂಡತಿ ನಾಗವೇಣಿ ಕಿಟಕಿಯಿಂದ ನೋಡಿ, “ಎಂತ ಹುಗೀತಾ ಇದ್ರಿ?” ಎಂದಳು. ಆ ವೇಳೆಗೇ ಫೋನು ಬಂತು. ಹೊನ್ನಾವರದಲ್ಲಿ ಮಾವನ ತಂಗಿಯ ಮನೆಯ ಗೃಹಪ್ರವೇಶ. ಮಾವ ಹಿಂದಿನ ದಿನವೇ ರೈಲಿನಲ್ಲಿ, ನಾಲ್ಕು ದಿನ ಉಳಿಯುವ ಲೆಕ್ಕದಲ್ಲಿ ನಮ್ಮಲ್ಲಿಗೆ ಬಂದು, ಬೆಳಿಗ್ಗೆ ನನ್ನ ಜೊತೆ ತಮ್ಮ ಹಳೇ ಬೈಕಿನಲ್ಲೇ ಹೊನ್ನಾವರಕ್ಕೆ ಬರುವವರಂತೆ. ನಾಗವೇಣಿಗೆ ಬಸ್ಸು.

ಹೊರಡುವಾಗ ಮಾವ ಬೈಕನ್ನು ಒಂದು ಸುತ್ತು ನೋಡಿದರು. ಮಣ್ಣು ತುಳಿದ ಜಾಗದಲ್ಲೇ ನಿಂತಿದ್ದ ನಾನು ಕಾಲು ಕದಲಿಸಲಿಲ್ಲ. “ಹ್ಯಾಂಗದೆ ಗಾಡಿ?” ಎಂದರು. “ಅದೆ” ಎಂದೆ. ಅವರು ಮತ್ತೇನಾದರೂ ಕೇಳುವ ಮೊದಲೇ ಕಿಕ್ ಹೊಡೆದೆ.

ಹೆದ್ದಾರಿಗೆ ಬಂದದ್ದೇ ನನ್ನ ಇಡೀ ಜೀವ ಕಿವಿಗೆ ಬಂತು. ಬಗ್ಗಿ ಎಂಜಿನ್ನಿಗೆ ಕಿವಿಗೊಟ್ಟೆ. ಟಕಟಕ ಜೋರಾಯಿತೇ? ಸುಟ್ಟ ವಾಸನೆ ನಮ್ಮದೇ, ಮುಂದಿನ ಲಾರಿಯದೇ? ಹಿಂದಿನಿಂದ ಮಾವನ ಕೈ ನನ್ನ ಹೆಗಲ ಮೇಲೆ ಕೂತಿತು. ಸ್ವಲ್ಪ ದೂರ ಹೋದಮೇಲೆ ಹಿಡಿತ ಬಿಗಿಯಾಯಿತು. ಸತ್ತೆ, ಮನುಷ್ಯ ನನ್ನ ಹೆಗಲಿನಿಂದಲೇ ಎಂಜಿನ್ನಿನ ನಾಡಿ ನೋಡುತ್ತಿದ್ದಾರೆ ಅಂದುಕೊಂಡೆ. ಮಂಕಿ ದಾಟುವಾಗ ಎಮ್ಮೆಯೊಂದು ಹ್ಯಾಂಡಲ್ಲಿಗೆ ಬಾಲ ಸವರಿ ಹೋಯಿತು. ಅದು ಎಲ್ಲಿಂದ ಬಂತೆಂದು ನಾನು ನೋಡಿರಲಿಲ್ಲ. ಅಪ್ಸರಕೊಂಡಕ್ಕೆ ತಿರುಗುವಲ್ಲಿ ಪ್ರವಾಸಿಗಳ ವ್ಯಾನೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಮಾವನ ಉಗುರು ಅಂಗಿ ದಾಟಿ ಒಳಗಿಳಿಯಿತು. ಶರಾವತಿ ಸೇತುವೆ ಬಂತು. ಇಲ್ಲಿ ಸೀಜಾದರೆ ‘ಮುಂದೆ ಹೋಗುವವನು’ ಸೀದಾ ನೀರಿಗೇ. ಗಾಡಿಯ ಸದ್ದು ಕೇಳುತ್ತಾ, ದೇವರ ಹೆಸರು ಹೇಳುತ್ತಾ, ಹೇಗೋ ಆಚೆ ದಡ ಮುಟ್ಟಿಸಿದೆ.

ಗೃಹಪ್ರವೇಶದ ಮನೆಯ ಜಗಲಿಯಲ್ಲಿ ಮಾವ ಕುಸಿದು ಕೂತು ಎರಡು ಚೊಂಬು ನೀರು ಕುಡಿದರು. ಅವರ ಮೀಸೆ ನಡುಗುವುದನ್ನು ನಾನು ಮೊದಲ ಸಲ ನೋಡಿದೆ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು, “ಮಾವ, ನಿಮಗೆ ಗೊತ್ತಾಗಿ ಹೋಯ್ತು. ನಾನು ತೆಳು ಆಯಿಲ್ ಹಾಕ್ಸಿದ್ದೆ” ಎಂದೆ.

“ಎಂತ ಆಯಿಲು?”

“ದಪ್ಪದು ಸಿಗಲಿಲ್ಲ. ನೀವು ಸಮಾ ನೋಡಿ ಹಾಕಿ ಅಂದಿದ್ರಿ...”

“ಸಮಾ ಅಂದ್ರೆ ಕಡಿಮೆ ಆಗದ ಹಾಂಗೆ ನೋಡಿ ಅಂದದ್ದು ಮಾರಾಯ್ರೆ! ದಪ್ಪ, ತೆಳು ಯಾರ್ ಕಂಡಿದ್ರು? ನಾ ಬೋಟಿಗೆ ಹಾಕಿ ಉಳ್ದದ್ದನ್ನೇ ಹೊಯ್ತಾ ಇದ್ದೆ.” ಅವರು ಧ್ವನಿ ಏರಿಸಿದರು. “ಅದು ಬಿಡಿ. ನೀವು ರಸ್ತೆ ಬಿಟ್ಟು ಟ್ಯಾಂಕಿನ ಕೆಳಗೆ ಎಂತ ನೋಡ್ತಾ ಇದ್ರಿ? ಎಮ್ಮೆ ಕಾಣ್ಲಿಲ್ಲ, ವ್ಯಾನು ಕಾಣ್ಲಿಲ್ಲ! ತುಫಾನಿನಲ್ಲೂ ನಾ ಇಷ್ಟು ಹೆದರಿದವ ಅಲ್ಲ!”

ಹೆಗಲ ಮೇಲಿನ ಆ ಹಿಡಿತ ಪರೀಕ್ಷೆಯದಲ್ಲ, ಪ್ರಾಣಭಯದ್ದು! ನನಗೆ ನಾಚಿಕೆಯಾಗಬೇಕಿತ್ತು. ಆದರೆ ಆದದ್ದು ಎಂಥ ನಿರಾಳವೆಂದರೆ, ಊಟದಲ್ಲಿ ಪಾಯಸವನ್ನು ಮೂರು ಸಲ ಹಾಕಿಸಿಕೊಂಡೆ.

ತಿರುಗಿ ಹೊರಟಾಗ ಮಾವ ನನ್ನನ್ನು ಹ್ಯಾಂಡಲ್ ಮುಟ್ಟಗೊಡಲಿಲ್ಲ. “ಕಿಕ್ ನೀವು ಹೊಡೀರಿ. ಗಾಡಿ ನಾ ಓಡಿಸ್ತೆ” ಎಂದರು. ಸಂತೋಷದಿಂದಲೇ ಕಿಕ್ ಹೊಡೆದು ಹಿಂದೆ ಹತ್ತಿದೆ. ಆಗ ನಾಗವೇಣಿ ಹತ್ತಿರ ಬಂದು ಪಿಸುಗುಟ್ಟಿದಳು: “ಗಟ್ಟಿ ಹಿಡ್ಕಣಿ. ಅಪ್ಪ ಗಾಡಿ ಬಿಟ್ಟದ್ದು ಮೊಣಕಾಲು ನೋವಿಗಲ್ಲ. ಅಮ್ಮ ಕೈಮುಗಿದು ಬಿಡಿಸಿದ್ದು.”

ಇಳಿಯುವಷ್ಟರಲ್ಲಿ ಬೈಕು ಗೇಟು ದಾಟಿತ್ತು. ಸಮುದ್ರದಲ್ಲಿ ಎಡ, ಬಲ ಎಂಬ ಭೇದವಿಲ್ಲ. ಮಾವನಿಗೆ ಹೆದ್ದಾರಿಯಲ್ಲೂ ಇರಲಿಲ್ಲ. ಲಾರಿಗಳನ್ನು ತೆರೆಗಳೆಂದು ತಿಳಿದು ಅವುಗಳ ನಡುವೆ ನುಗ್ಗಿಸಿದರು. ಸೇತುವೆಯ ಮೇಲೆ ಬಸ್ಸೊಂದನ್ನು ಹಿಂದೆ ಹಾಕುವಾಗ ಕೆಳಗೆ ಶರಾವತಿ, ಎದುರಿಗೆ ಟ್ಯಾಂಕರು, ಮಧ್ಯೆ ನಾವು. ಕಣ್ಣು ಮುಚ್ಚಿ ಮಾವನ ಸೊಂಟ ತಬ್ಬಿಕೊಂಡು ನಾನು ಮನಸಾರೆ ಬೇಡಿಕೊಂಡೆ: ದೇವರೇ, ಈ ತೆಳು ಆಯಿಲಿನಿಂದ ಈಗಲಾದರೂ ಎಂಜಿನ್ ಸೀಜ್ ಆಗಲಿ, ಸೇತುವೆ ದಾಟಿದ ಕೂಡಲೆ, ಯಾವುದಾದರೂ ಗೂಡಂಗಡಿಯ ಮುಂದೆ, ಮೆಲ್ಲಗೆ.

ಎಂಜಿನ್ ಅಂದು ಓಡಿದಷ್ಟು ಚೆನ್ನಾಗಿ ಎಂದೂ ಓಡಿದ್ದಿಲ್ಲ.