ಪೆನಾಂಗಿನಲ್ಲಿ ನಾನು ಕಂಡ ಪ್ರಪಂಚ

ಬೆನ್ನಿಗೊಂದು ಚೀಲ ಹಾಕಿಕೊಂಡು ಆರು ತಿಂಗಳು ಮಲಯಾ, ಸಯಾಮು ಸುತ್ತಿ ಬರುವುದು ಅಂಥ ದೊಡ್ಡ ವಿಷಯವೇನಲ್ಲ. ಎರಡು ಕಾಲಿದ್ದರೆ ಸಾಕು. ನನಗೆ ಎರಡೂ ಇದ್ದವು. ಇನ್ನೇನು ಬೇಕು!

ಅರವತ್ತರ ದಶಕದ ಆರಂಭದ ಮಾತು. ನಾನಾಗ ಮದರಾಸಿನ ಪುರಸವಾಕಂನಲ್ಲಿ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದೆ. ಕುಂದಾಪುರದ ಕಡೆಯಿಂದ ಹದಿನೈದನೇ ವಯಸ್ಸಿಗೆ ಬಂದವನು ಇಪ್ಪತ್ತಾರು ತುಂಬಿದರೂ ಆ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಎದುರಿಗೆ ಗೋಡೆ, ಗೋಡೆಯಲ್ಲಿ ದೇವರ ಪಟ, ಪಟದ ಪಕ್ಕದಲ್ಲಿ ಎಲೆಯಲ್ಲಿ ಕೈ ತೊಳೆಯಬಾರದೆಂಬ ಫಲಕ. ಹನ್ನೊಂದು ವರ್ಷ ನಾನು ಕಂಡ ಪ್ರಪಂಚ ಇಷ್ಟು.

ಹೀಗಿರುವಾಗ ಒಂದು ಭಾನುವಾರ ಮರೀನಾ ಬೀಚಿನಲ್ಲಿ ಬೇಯಿಸಿದ ಕಡಲೆಯ ಸುಂಡಲ್ ತಿನ್ನುತ್ತಾ ನಾವು ಮೂವರು ಗೆಳೆಯರು ಪ್ರಪಂಚ ನೋಡುವ ತೀರ್ಮಾನ ಮಾಡಿದೆವು. ರಾಘು ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಬಸವರಾಜನದು ಹುಬ್ಬಳ್ಳಿಯಿಂದ ಬಂದು ಕೀಲ್ಪಾಕಿನಲ್ಲಿ ನೆಲೆಸಿದ ಬಟ್ಟೆ ವ್ಯಾಪಾರಿಗಳ ಮನೆತನ. ಅವನಿಗೆ ನಕ್ಷೆ ನೋಡುವ ಹುಚ್ಚು. ಹಡಗಿನಲ್ಲಿ ಪೆನಾಂಗಿಗೆ ಹೋಗಿ, ಅಲ್ಲಿಂದ ನಡೆದು, ಸಿಕ್ಕ ಬಸ್ಸು ಲಾರಿ ಹತ್ತಿ ಸಯಾಮು ಮುಟ್ಟುವುದೆಂದು ಮರಳಿನ ಮೇಲೆ ಗೆರೆ ಎಳೆದು ತೋರಿಸಿದ. ಹಳೇ ಮಿಲಿಟರಿಯ ಬೆನ್ನುಚೀಲಗಳನ್ನು ಮೂರ್ ಮಾರ್ಕೆಟ್ಟಿನಲ್ಲಿ ಕೊಂಡದ್ದೂ ಆಯಿತು.

ವಿಷಯ ಕೇಳಿ ಮಾವ ಕನ್ನಡಕ ಒರೆಸಿಕೊಂಡರು. ಅವರಿಗೆ ಸಿಟ್ಟು ಬಂದರೆ ಕನ್ನಡಕಕ್ಕೆ ಶುಚಿಯ ಯೋಗ.

"ಆರು ತಿಂಗಳಾ? ನೀನು ಆರು ದಿನ ಹೋಟೆಲು ಬಿಟ್ಟು ಇರು ಮಾರಾಯ, ನೋಡುವ. ಎಲ್ಲಿಗೆ ಹೋದರೂ ನಿನ್ನ ಕಾಲು ಹೋಟೆಲಿಗೇ ಹೋಗುವುದು."

ನನಗೆ ಮೈಯೆಲ್ಲ ಉರಿಯಿತು. ಹಾರ್ಬರಿನ ಬಳಿ ಒಂದು ಹಡಗು ಕಂಪನಿಯಲ್ಲಿ ಫ್ಯಾನಿನ ಕೆಳಗೆ ಕೂತು ಟೈಪು ಹೊಡೆಯುವ ಗುಮಾಸ್ತನಾಗಬೇಕೆಂಬುದು ನನ್ನ ಬಹುಕಾಲದ ಆಸೆ. ಮಾವ ಅದಕ್ಕೆ ಒಪ್ಪಿರಲಿಲ್ಲ. ಆವತ್ತು ಮಾತಿಗೆ ಮಾತು ಬೆಳೆದು ಒಂದು ಕರಾರಾಯಿತು. ಆರು ತಿಂಗಳು ಹೋಟೆಲು ಕೆಲಸದ ಗೊಡವೆಯಿಲ್ಲದೆ ಬದುಕಿ ಬಂದರೆ ನಾನು ಯಾವ ಆಫೀಸಿಗೆ ಸೇರಿದರೂ ಅವರು ತಡೆಯುವುದಿಲ್ಲ. ಸೋತರೆ ಜೀವಮಾನವೆಲ್ಲ ಹೋಟೆಲು ನೋಡಿಕೊಳ್ಳಬೇಕು. ಮಕ್ಕಳಿಲ್ಲದ ಮಾವ ಹೋಟೆಲನ್ನೇ ಕೊಡುತ್ತೇನೆಂದರೆ ಬೇರೆಯವರು ಕಾಲಿಗೆ ಬೀಳುತ್ತಿದ್ದರು. ನನಗೆ ಅದು ಜೀವಾವಧಿ ಶಿಕ್ಷೆಯಂತೆ ಕೇಳಿಸಿತು. ಆಗಲಿ ಎಂದೆ.

ಅತ್ತೆ ಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಕಾಪಿಪುಡಿ ಎಲ್ಲ ಕಟ್ಟಿಟ್ಟಿದ್ದರು. ಹೋಟೆಲು ಮನೆಯ ಒಂದು ಚಿಟಿಕೆ ಪುಡಿಯೂ ನನ್ನ ಚೀಲ ಸೇರಕೂಡದೆಂದು ಘೋಷಿಸಿದೆ. ಪಾಪ, ಅತ್ತೆ ಅತ್ತುಬಿಟ್ಟರು. ನಾನು ಜಗ್ಗಲಿಲ್ಲ. ಪುರುಷಸಿಂಹ!

ಹಡಗಿನಲ್ಲಿ ಎಂಟು ದಿನ. ಅಲ್ಲಿ ಕಾಪಿ ಎಂದು ಕೊಡುತ್ತಿದ್ದದ್ದು ಬಿಸಿಯಾಗಿತ್ತು, ಅದರ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಅದೊಂದೇ. ಬಸವರಾಜ ತಾಯಿ ಕಟ್ಟಿಕೊಟ್ಟ ಖಡಕ್ ರೊಟ್ಟಿ ಮುಂದಿಟ್ಟು ತಿನ್ನಲು ಕರೆದ. ತತ್ವದ ಪ್ರಕಾರ ನಾನು ಎರಡು ದಿನ ನಿರಾಕರಿಸಿದೆ. ಮೂರನೇ ದಿನ ತತ್ವ ಸಡಿಲವಾಯಿತು, ಅಷ್ಟರಲ್ಲಿ ರೊಟ್ಟಿ ಮುಗಿದಿತ್ತು.

ಪೆನಾಂಗಿನಲ್ಲಿ ಇಳಿದು ಬಸವರಾಜ ನಕ್ಷೆ ಬಿಡಿಸಿ ಎಡಕ್ಕೆ ಹೋಗಬೇಕೆಂದ. ನನ್ನ ಮೂಗು ನೇರಕ್ಕೆ ಹೋಗಬೇಕೆಂದಿತು. ಎಲ್ಲೋ ಕೊತ್ತಂಬರಿ ಹುರಿಯುತ್ತಿದ್ದರು! ಒಂದು ಕಾಪಿ ಕುಡಿದು ಹೊರಟುಬಿಡೋಣ ಎಂದು ಇಬ್ಬರನ್ನೂ ಎಳೆದುಕೊಂಡು ಹೋದೆ. ಆ ಒಂದು ಕಾಪಿ ಮುಗಿಯಲು ನನಗೆ ಐದೂವರೆ ತಿಂಗಳು ಹಿಡಿಯಿತು.

ಹೋಟೆಲಿನ ಯಜಮಾನರು ಐತಾಳರು, ಕೋಟೇಶ್ವರದವರು. ನಮ್ಮೂರಿಗೆ ಕೂಗಿದರೆ ಕೇಳುವಷ್ಟು ಹತ್ತಿರ. ನಾನು ಮದರಾಸಿನ ಹೋಟೆಲಿನವರ ಸೋದರಳಿಯನೆಂದು ತಿಳಿದ ಮೇಲೆ ಬಿಲ್ಲಿನ ಮಾತೇ ಇಲ್ಲ. ನಮ್ಮ ಕಡೆಯ ಹೋಟೆಲಿನವರು ಇನ್ನೊಬ್ಬ ಹೋಟೆಲಿನವನಿಗೆ ಬಿಲ್ಲು ಕೊಡುವುದಿಲ್ಲ. ಹಾಗೆಂದು ತಿಂದವನು ಬಾಯಿ ಒರೆಸಿಕೊಂಡು ಹೊರಟುಬಿಡುವುದೂ ಕ್ರಮವಲ್ಲ. ಅಡುಗೆಮನೆಗೆ ಹೋಗಿ, ಒಲೆಯ ಹತ್ತಿರ ನಿಂತು, ಎರಡು ಒಳ್ಳೆಯ ಮಾತಾಡಿ ಬರಬೇಕು. ನಾನು ಹೋದೆ. ಎರಡು ಮಾತಾಡಿ ಬಂದಿದ್ದರೆ ಇವತ್ತು ಹಡಗು ಕಂಪನಿಯಲ್ಲಿ ಹೆಡ್‌ ಗುಮಾಸ್ತನಾಗಿರುತ್ತಿದ್ದೆ. ಸಾಂಬಾರಿನ ಕೊತ್ತಂಬರಿ ಹೆಚ್ಚು ಹುರಿದಿದೆ, ದೋಸೆಯ ಅಂಚು ದಪ್ಪ, ನಮ್ಮ ಮದರಾಸಿನಲ್ಲಿ ಹೀಗಲ್ಲ ಎಂದು ಕಾಲು ಗಂಟೆ ಉಪನ್ಯಾಸ ಕೊಟ್ಟೆ.

ಐತಾಳರಿಗೆ ಕೋಪ ಬರಲಿಲ್ಲ. ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆ. "ದೇವರೇ ಕಳಿಸಿದ ಹಾಗೆ ಬಂದಿರಿ. ನಮ್ಮ ದೋಸೆಯ ಭಟ್ಟರು ಮೊನ್ನೆ ಊರಿಗೆ ಹೋದರು. ಎರಡು ದಿನದ ಮಟ್ಟಿಗೆ ಕಲ್ಲಿನ ಹತ್ತಿರ ನಿಲ್ತೀರಾ?" ಎಂದು ಕೈ ಹಿಡಿದುಕೊಂಡರು.

ನಾನು ಜನ್ಮದಲ್ಲಿ ದೋಸೆ ಎರೆದವನಲ್ಲ. ಗಲ್ಲಾದವನಿಗೂ ದೋಸೆಕಲ್ಲಿಗೂ ಇರುವ ಸಂಬಂಧ ತಿನ್ನುವ ಹೊತ್ತಿನದು ಮಾತ್ರ. ಆದರೆ ಉಪನ್ಯಾಸ ಕೊಟ್ಟ ಬಾಯಿಂದ ‘ಗೊತ್ತಿಲ್ಲ’ ಎಂದು ಹೇಗೆ ಹೇಳುವುದು? ಮಾವನ ಹೋಟೆಲಿನ ಮರ್ಯಾದೆ! ಪಂಚೆ ಎತ್ತಿ ಕಟ್ಟಿ, ಕಿಟಕಿಯ ಪಕ್ಕದ ಒಲೆಯ ಮುಂದೆ ನಿಂತು ಸೌಟು ಹಿಡಿದೆ.

ಮೊದಲ ದೋಸೆ ಎಷ್ಟು ಮೂಲೆಗಳಿಗೆ ಚಾಚಿಕೊಂಡಿತೆಂದರೆ ಬಸವರಾಜ ತನ್ನ ನಕ್ಷೆ ತೆಗೆದು ಹೋಲಿಸಿ ನೋಡಿದ. ಎರಡನೆಯದು ಕಲ್ಲು ಬಿಟ್ಟು ಏಳಲಿಲ್ಲ. ಮೂರನೆಯದು ಎದ್ದಿತು, ಕಂತುಗಳಲ್ಲಿ. ಮದರಾಸಿನಲ್ಲಿ ಹೀಗೆಯೇ ಮಾಡುವುದೋ ಎಂದು ಐತಾಳರು ಬಹಳ ವಿನಯದಿಂದ ಕೇಳಿದರು. ಕಲ್ಲು ಪಳಗಿಲ್ಲ ಎಂದೆ. ಆ ಕಲ್ಲಿಗೆ ನನಗಿಂತ ಹೆಚ್ಚು ವಯಸ್ಸಾಗಿತ್ತು.

ಎರಡು ದಿನ ಕಾದು ಗೆಳೆಯರು ಚೀಲ ಹೆಗಲಿಗೇರಿಸಿದರು. ಒಂದು ದುಂಡನೆಯ ದೋಸೆ ಎರೆಯದೆ ಈ ಕಲ್ಲು ಬಿಟ್ಟು ಬರುವುದಿಲ್ಲ ಎಂದು ನಾನು ಹಟ ಹಿಡಿದೆ.

"ನೀ ದೋಸಿ ದುಂಡಗ ಮಾಡೂದು ಕಲಿಯೂದ್ರಾಗ ನಾವು ಸಯಾಮ್ ನೋಡಿ ಬಂದಿರ್ತೀವಲೇ" ಎಂದ ಬಸವರಾಜ. ಅವನದು ತಮಾಷೆಯ ಮಾತು. ಆದದ್ದು ಹಾಗೆಯೇ.

ಒಂಬತ್ತನೇ ದಿನ ದುಂಡನೆಯ ದೋಸೆ ಬಂತು. ಆವತ್ತೇ ಹೊರಡಬೇಕಿತ್ತು, ಹೊರಡಲಿಲ್ಲ. ಬಂದರಿನಲ್ಲಿ ಕೆಲಸ ಮಾಡುವ ತಮಿಳಿನವರೊಬ್ಬರು ಆ ದೋಸೆ ತಿಂದು, ಮಾರನೇ ದಿನ ನಾಲ್ಕು ಜನರನ್ನು ಕರೆತಂದರು. ಜನರನ್ನು ಕಾಯಿಸಿ ಊರು ನೋಡಲು ಹೋಗುವುದುಂಟೇ? ಅಷ್ಟರಲ್ಲಿ ಊರಿಗೆ ಹೋದ ಭಟ್ಟರಿಂದ ತಾವಿನ್ನು ಬರುವುದಿಲ್ಲವೆಂದು ಕಾಗದ ಬಂತು. ಪ್ರತಿ ಶುಕ್ರವಾರ ನಾನು ಚೀಲ ಕಟ್ಟುತ್ತಿದ್ದೆ, ಪ್ರತಿ ಶನಿವಾರ ಗಿರಾಕಿಗಳು ಹೆಚ್ಚಾಗುತ್ತಿದ್ದರು. ಮೂರನೇ ತಿಂಗಳಿಗೆ ನನ್ನ ಬೆನ್ನುಚೀಲದಲ್ಲಿ ಒಣಮೆಣಸು ತುಂಬಿಸಿ ಗೋಡೆಗೆ ತೂಗುಹಾಕಿದ್ದರು. ರಾಘು ಸಯಾಮಿನಿಂದ ಆನೆ, ನದಿ, ಜಿಗಣೆಗಳ ಬಗ್ಗೆ ಕಾಗದ ಬರೆಯುತ್ತಿದ್ದ. ಅವನ್ನೆಲ್ಲ ನಾನು ಬಾಯಿಪಾಠ ಮಾಡಿಟ್ಟುಕೊಂಡೆ.

ಅವಧಿ ಮುಗಿದು ಮೂವರೂ ಮದರಾಸಿಗೆ ಬಂದಿಳಿದೆವು. ಗೆಳೆಯರಿಬ್ಬರೂ ಬಿಸಿಲಿಗೆ ಒಣಗಿ ಕಡ್ಡಿಯಾಗಿದ್ದರು. ನಾನು ಮೈಕೈ ತುಂಬಿಕೊಂಡು ಬಂದಿದ್ದೆ. ಬಾಯಿ ಬಿಡುವುದಿಲ್ಲವೆಂದು ಇಬ್ಬರಿಂದಲೂ ಹಡಗಿನಲ್ಲೇ ಆಣೆ ಹಾಕಿಸಿಕೊಂಡಿದ್ದೆ. ಒಂದು ವಾರ ಹೋಟೆಲಿನಲ್ಲಿ ನನ್ನ ಪ್ರವಚನ. ನದಿ ಈಜಿದೆ, ಮರದ ಮೇಲೆ ಮಲಗಿದೆ, ಆನೆಗೆ ದಾರಿ ಬಿಡಲಿಲ್ಲ! ಗಿರಾಕಿಗಳು ಬಾಯಿ ತೆರೆದು ಕೇಳಿದರು. ಮಾವನೂ ಕೇಳಿದರು.

ಎಂಟನೇ ದಿನ, ಭಾನುವಾರ ಬೆಳಿಗ್ಗೆ, ಮಾವ ಹತ್ತಿರ ಬಂದು ಕೂತರು. "ಸೋತೆ ಮಾರಾಯ. ನಿನ್ನ ಹಡಗು ಆಫೀಸಿಗೆ ಅರ್ಜಿ ಹಾಕು" ಎಂದವರು ನನ್ನ ಮುಖ ನೋಡದೆ ಒಳಗೆ ಹೋದರು. ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅರ್ಜಿಗೆ ಕಾಗದ ತರಲು ಎದ್ದವನು ಮತ್ತೆ ಅಲ್ಲೇ ಕೂತೆ.

ಆವತ್ತು ದೋಸೆಯ ಭಟ್ಟರಿಗೆ ಜ್ವರ. ಹೋಟೆಲು ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. "ರೆಂಡು ಮಸಾಲ್, ನಾಲು ಸಾದಾ" ಎಂದು ಸಪ್ಲೈಯರ್ ಒಂದೇ ಸಮನೆ ಕೂಗುತ್ತಿದ್ದ. ಒಳಗೆ ಇಣುಕಿದರೆ ಅರವತ್ತು ದಾಟಿದ ಮಾವನೇ ಕಲ್ಲಿನ ಮುಂದೆ ನಿಂತು ಬೆವರುತ್ತಿದ್ದರು. ನನಗೆ ನೋಡಲಾಗಲಿಲ್ಲ. "ಸ್ವಲ್ಪ ಆಚೆ ಸರೀರಿ ಮಾವ" ಎಂದು ಸೌಟು ಕಿತ್ತುಕೊಂಡೆ.

ಆಮೇಲಿನದ್ದು ನನ್ನ ತಪ್ಪಲ್ಲ, ಕೈಯದು. ಅದು ನೀರು ಚಿಮುಕಿಸಿತು, ಅರ್ಧ ಈರುಳ್ಳಿಯಲ್ಲಿ ಕಲ್ಲು ಉಜ್ಜಿತು, ಸಾಲಾಗಿ ನಾಲ್ಕು ಎರೆಯಿತು. ನಾಲ್ಕೂ ಚಂದ್ರನಷ್ಟು ದುಂಡಗೆ! ಬಾಗಿಲಿನ ಜನ ಕರಗಿದ ಮೇಲೆ ಬೆವರು ಒರೆಸಿಕೊಂಡು ತಿರುಗಿದರೆ ಮಾವ ಕೈಕಟ್ಟಿ ನಿಂತಿದ್ದರು.

"ವಾಸು, ಸಯಾಮಿನ ಕಾಡಿನಲ್ಲಿ ಆನೆಗಳಿಗೆ ದೋಸೆ ಎರೆದು ಬಡಿಸುತ್ತಿದ್ದೆಯಾ?"

ಇದು ವಂಶದ ಗುಣ, ರಕ್ತದಲ್ಲಿ ಬಂದದ್ದು ಎಂದೆ. ಹನ್ನೊಂದು ವರ್ಷ ಆ ರಕ್ತ ಎಲ್ಲಿಗೆ ಹೋಗಿತ್ತೆಂದು ಕೇಳಿದರು. ಅದು ಬೇರೆ ಹೋಟೆಲು, ಕರಾರಿನಲ್ಲಿ ಆ ಹೋಟೆಲಿನ ಹೆಸರಿರಲಿಲ್ಲ ಎಂದು ವಾದಿಸಿದೆ. ಹೇಳಿದ ಮೇಲೆಯೇ ನಾನೇನು ಹೇಳಿದೆನೆಂದು ನನಗೆ ತಿಳಿದದ್ದು. ಮಾವ ಕನ್ನಡಕ ತೆಗೆದರು. ಆದರೆ ಈ ಸಲ ಒರೆಸಿಕೊಂಡದ್ದು ಕಣ್ಣನ್ನು.

"ಜಗಳ ಆಮೇಲೆ ಮಾಡುವ. ಮೊದಲು ಕಲ್ಲಿನ ಮೇಲಿರುವುದನ್ನು ಮಗುಚು, ಕರಟಿ ಹೋಗ್ತದೆ."

ಮಗುಚಿದೆ. ಆ ಅರ್ಜಿಯನ್ನು ನಾನು ಬರೆಯಲೇ ಇಲ್ಲ.

ಸೋತೆನೆಂದು ಮಾತ್ರ ಇವತ್ತಿಗೂ ಒಪ್ಪುವವನಲ್ಲ. ಆರು ತಿಂಗಳು ನಾನು ವಿದೇಶದಲ್ಲಿದ್ದದ್ದು ಸತ್ಯ. ಅನುಮಾನವಿದ್ದವರು ಬಂದು ಪಾಸ್‌ಪೋರ್ಟು ನೋಡಬಹುದು, ಮುದ್ರೆ ಇದೆ. ಮೊನ್ನೆ ಗಿರಾಕಿಯೊಬ್ಬರು ತಮ್ಮ ಮಗ ಪೆನಾಂಗಿಗೆ ಹೊರಟಿದ್ದಾನೆ, ನೀವು ಕಂಡ ಜಾಗವಂತೆ, ಅಲ್ಲಿ ತಪ್ಪದೆ ನೋಡಬೇಕಾದ್ದು ಏನೆಂದು ಭಕ್ತಿಯಿಂದ ಕೇಳಿದರು. ದೇಶ ಸುತ್ತಿ ಬಂದವನ ಗಾಂಭೀರ್ಯದಲ್ಲಿ ಒಂದು ಕ್ಷಣ ಯೋಚಿಸಿ ಹೇಳಿದೆ: "ಕಿಟಕಿಯ ಪಕ್ಕದ ಒಲೆಯನ್ನೇ ಕೇಳಿ ತೆಗೆದುಕೊಳ್ಳಲಿ. ಗಾಳಿ ಚೆನ್ನಾಗಿ ಬರುತ್ತದೆ."