ಗಾಲಿರಾಯರ ಐಸು

ಎಲ್ಲಕ್ಕೂ ಮೂಲ ಗಾಲಿರಾಯರ ಮೇಜಿನ ಖಾನೆ. ಅದಕ್ಕೆ ಬೀಗವಿರಲಿಲ್ಲ. ಬೀಗವಿದ್ದಿದ್ದರೆ ಆವತ್ತು ಆದದ್ದು ಒಂದೂ ಆಗುತ್ತಿರಲಿಲ್ಲ. ರಾಯರು ಎಂದಿನಂತೆ ಸುಸ್ತಾಗಿ ಮನೆಗೆ ಹೋಗಿ, ಎಂದಿನಂತೆ ನಾಲ್ಕು ಮಾತು ಅನ್ನಿಸಿಕೊಂಡು ಮಲಗುತ್ತಿದ್ದರು. ಒಂದು ಬೀಗ ಹಾಕಿಸಿಕೊಡಿ ಎಂದು ಯಜಮಾನರನ್ನು ಕೇಳಿ ಕೇಳಿ ಅವರ ಬಾಯಿ ಸೋತಿತ್ತು. "ನಿಮ್ಮ ಖಾನೇಲಿ ಕದಿಯೋವಂಥದ್ದು ಏನಿದೆ ರಾಯರೇ?" ಎಂದು ಯಜಮಾನರು ಪ್ರತಿ ಸಲವೂ ನಗುತ್ತಿದ್ದರು.

ಗಾಲಿರಾಯರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಚೀಲ, ಬೂಟು, ಆಟದ ಸಾಮಾನು ಎಲ್ಲ ತಯಾರಿಸುವ ಆ ಕಾರ್ಖಾನೆಯಲ್ಲಿ ಸ್ಕೇಟಿನ ವಿಭಾಗವೆಂದರೆ ಕಿಟಕಿಯ ಪಕ್ಕದ ಒಂದು ಮೇಜು. ಆ ಮೇಜಿನ ಹಿಂದೆ ಕೂತವರು ಇವರೊಬ್ಬರೇ. ಬೂಟಿನ ಕೆಳಗೆ ಒಂದೇ ಸಾಲಿನಲ್ಲಿ ನಾಲ್ಕು ಗಾಲಿ ಜೋಡಿಸಿ, ಹಾಕಿಕೊಂಡವರಿಗೆ ನೆಲದ ಮೇಲಲ್ಲ, ಐಸಿನ ಮೇಲೆ ಜಾರುತ್ತಿದ್ದೇವೆ ಅನ್ನಿಸಬೇಕು. ಇದು ಅವರಿಗೆ ಒಪ್ಪಿಸಿದ ಕೆಲಸ. ವರ್ಷಗಳಿಂದ ಇದೇ ಕೆಲಸ. ಐಸಿನ ಮೈದಾನವನ್ನು ರಾಯರು ಕಣ್ಣಾರೆ ಕಂಡವರಲ್ಲ. ಅವರಿಗೆ ಗೊತ್ತಿದ್ದ ಐಸು ಹಣ್ಣಿನ ರಸದ ಲೋಟದಲ್ಲಿ ತೇಲುವಂಥದ್ದು ಮಾತ್ರ.

ಆದರೂ ಮನುಷ್ಯ ತಲೆ ಉಪಯೋಗಿಸಿದ್ದರು. ಐಸಿನ ಸ್ಕೇಟಿಗೆ ಗಾಲಿಯ ಬದಲು ಉಕ್ಕಿನ ಅಲಗು ಇರುತ್ತದೆ. ಅಲಗಿನ ಅಡಿ ನೆಟ್ಟಗಿರದೆ ದೋಣಿಯ ತಳದ ಹಾಗೆ ಚೂರು ಬಾಗಿರುತ್ತದೆ. ಅದಕ್ಕೇ ನಿಂತಲ್ಲೇ ಗಿರ್‍ರನೆ ತಿರುಗಲು ಆಗುವುದು ಎಂದು ಓದಿ ತಿಳಿದುಕೊಂಡಿದ್ದರು. ಅದೇ ಪ್ರಕಾರ ನಡುವಿನ ಎರಡು ಗಾಲಿ ಕೊಂಚ ಕೆಳಗೆ, ಹಿಂದುಮುಂದಿನವು ಕೊಂಚ ಮೇಲೆ ಬರುವಂತೆ ಜೋಡಿಸಿದ್ದರು. ತಿರುಗುವುದು ಬಂತು. ಓರೆಯಾಗಿ ವಾಲುವುದೂ ಬಂತು. ಬಾರದೆ ಸತಾಯಿಸುತ್ತಿದ್ದದ್ದು ನಿಲ್ಲುವುದು. ಐಸಿನ ಮೇಲಾದರೆ ಎರಡೂ ಪಾದ ಅಡ್ಡ ತಿರುಗಿಸಿದರೆ ಸಾಕು, ಅಲಗು ಸರ್‍ರನೆ ಐಸು ಕೆರೆದು ಮನುಷ್ಯನನ್ನು ನಿಲ್ಲಿಸುತ್ತದೆ. ಗಾಲಿ ಹಾಗಲ್ಲ. ಅಡ್ಡ ತಿರುಗಿಸಿದರೆ ಅದು ನೆಲವನ್ನು ಕಚ್ಚಿ ತಾನು ನಿಲ್ಲುತ್ತದೆ, ಮನುಷ್ಯ ಮುಂದೆ ಹೋಗುತ್ತಾನೆ. ಈ ಸತ್ಯವನ್ನು ರಾಯರ ಎರಡೂ ಮೊಣಕೈ ಚೆನ್ನಾಗಿ ಬಲ್ಲವು.

ಆವತ್ತು ಸಂಜೆ ನಾಲ್ಕಕ್ಕೆ ಸ್ಕೇಟು ಹಾಕಿಕೊಂಡು ನೋಡಲು ಕೋಚಮ್ಮ ಬರುವವರಿದ್ದರು. ಆಯುಷ್ಯವೆಲ್ಲ ಐಸಿನ ಮೇಲೆ ಮಕ್ಕಳಿಗೆ ಪಾಠ ಹೇಳಿ ನಿವೃತ್ತಿಯಾದ ಹೆಂಗಸು. ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು: "ಅವರು ಐಸು ಅಂದ್ರೆ ಐಸು. ಇಲ್ಲ ಅಂದ್ರೆ, ರಾಯರೇ, ಚೀಲದ ವಿಭಾಗದಲ್ಲಿ ಜಿಪ್ಪು ಹೊಲಿಯೋಕೆ ಜನ ಸಾಲ್ತಾ ಇಲ್ಲ."

ರಾಯರಿಗೆ ಜಿಪ್ಪಿನ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಚೀಲದ ವಿಭಾಗದ ಮುಖ್ಯಸ್ಥ ಅವರ ಹೆಂಡತಿಯ ಖಾಸಾ ತಮ್ಮ. ರಾಯರೇ ಕೈಹಿಡಿದು ಕಾರ್ಖಾನೆಗೆ ಸೇರಿಸಿದ ಹುಡುಗ ಈಗ ಮೂವತ್ತು ಜನರ ಮೇಲೆ ದರ್ಬಾರು ಮಾಡುತ್ತಿದ್ದ. ಅಷ್ಟೂ ಜನರ ಎದುರು ಅವನು "ಭಾವ, ಜಿಪ್ಪು ಸೊಟ್ಟ ಆಯ್ತಲ್ಲ, ಬಿಚ್ಚಿ ಮತ್ತೆ ಹಾಕಿ" ಎನ್ನುವುದನ್ನು ನೆನೆಸಿಕೊಂಡರೇ ರಾಯರಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಇದನ್ನೇ ಹೇಳಿಕೊಂಡಾಗ ಹೆಂಡತಿ, "ಅದಕ್ಯಾಕೆ ಅಷ್ಟು ಸಂಕಟ? ನನ್ನ ತಮ್ಮನ ಕೈಕೆಳಗಿದ್ರೆ ಹೊತ್ತಿಗೆ ಸರಿಯಾಗಿ ಮನೆಗಾದ್ರೂ ಕಳಿಸ್ತಾನೆ" ಎಂದು ತಟ್ಟೆ ಎತ್ತಿಕೊಂಡು ಹೋದಳು.

ರಾಯರು ಸ್ಕೇಟಿನ ಜೋಡಿಯನ್ನು ಖಾನೆಯಲ್ಲಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಲೆಕ್ಕದವರು ಅದನ್ನು ಕಾಲಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಕನ್ನಡಕದ ಗಾಜಿನ ಮೇಲೆ ಮಂಜು ಕವಿದಂತಿತ್ತು. ಅದನ್ನು ಒರೆಸಿಕೊಳ್ಳುತ್ತಾ, "ಸುಮ್ನೆ ನೋಡೋಣ ಅಂತ" ಎಂದರು. ಎದ್ದು ನಿಲ್ಲಲು ಹೋದರು. ಎದ್ದರು, ಆದರೆ ನಿಲ್ಲಲಿಲ್ಲ. ಕಾಗದದ ಬೀರುವಿನವರೆಗೂ ಹಿಮ್ಮುಖವಾಗಿ ಹೋಗಿ ಅದನ್ನು ತಬ್ಬಿಕೊಂಡರು.

"ರಾಯರೇ, ಇದು ಐಸಲ್ಲ," ಎಂದರು ಬೀರುವನ್ನು ಬಿಡದೆ.

"ನೀವು ಐಸಿನ ಮೇಲೆ ಹೋಗಿದ್ದೀರಾ?"

"ಇಲ್ಲ. ಆದ್ರೆ ಇಷ್ಟು ಭಯ ಆಗೋ ಹಾಗಿದ್ರೆ ಯಾರೂ ಹೋಗ್ತಾನೇ ಇರ್ಲಿಲ್ಲ."

ಅವರ ಕಾಲಿನಿಂದ ಬಿಡಿಸಿಕೊಂಡು ಒಳಗಿಟ್ಟು, ಒಂದು ದೂರವಾಣಿ ಕರೆ ಮುಗಿಸಿ ತಿರುಗಿದರೆ ಸ್ಕೇಟು ಮತ್ತೆ ಮಾಯ. ಮಾರಾಟದವನು ಅದನ್ನು ತನ್ನ ಮೇಜಿಗೆ ಒಯ್ದು ಬೂಟಿನ ತುಂಬಾ ಬೆಳ್ಳಿ ಬಣ್ಣದ ನಕ್ಷತ್ರ ಅಂಟಿಸುತ್ತಿದ್ದ.

"ಏನಪ್ಪಾ ಇದು?"

"ಸಾರ್, ಐಸು ಅಂದ್ರೆ ಮಿಂಚಬೇಕು. ಗಿರಾಕಿ ಮೊದ್ಲು ಕಣ್ಣಿಂದ ಜಾರ್ತಾನೆ, ಆಮೇಲೆ ಕಾಲಿಂದ."

ರಾಯರಿಗೆ ಸಿಟ್ಟು ಬರುವ ವಯಸ್ಸು ಕಳೆದಿತ್ತು. ಸಿಟ್ಟು ಬರಬೇಕಾದ ಜಾಗದಲ್ಲಿ ಈಗ ಒಂದು ಆಕಳಿಕೆ ಬರುತ್ತಿತ್ತು. ಉಗುರಿನಿಂದ ನಕ್ಷತ್ರಗಳನ್ನು ಕೆರೆದು ಕೆರೆದು ತೆಗೆದರು. ಗಾಲಿಗಳ ನಡುವೆ ಹೊಲಿಗೆ ಮೆಷಿನ್ನಿನ ಎಣ್ಣೆ ಎರಡೆರಡು ಹನಿ ಬಿಟ್ಟು ಯಜಮಾನರು ಕರೆದರೆಂದು ಹೋದರು. ಯಜಮಾನರು ಕರೆದದ್ದು ಕೋಚಮ್ಮನಿಗೆ ಟೀ ಕೊಡುವುದೋ ಕಾಫಿ ಕೊಡುವುದೋ ಎಂದು ಕೇಳಲಿಕ್ಕೆ.

ಮರಳಿ ಬಂದಾಗ ಖಾನೆ ಬಾಯಿ ತೆರೆದುಕೊಂಡಿತ್ತು. ಈ ಸಲ ರಾಯರು ಯಾರನ್ನೂ ವಿಚಾರಿಸದೆ ಸೀದಾ ಚೀಲದ ವಿಭಾಗಕ್ಕೆ ನಡೆದರು. ಊಹೆ ಸುಳ್ಳಾಗಲಿಲ್ಲ. ಭಾವಮೈದುನ ಎಡಗಾಲಿನ ಬೂಟನ್ನು ಮೆಷಿನ್ನಿನ ಮೇಲಿಟ್ಟು ಲೇಸು ಕಟ್ಟುವ ರಂಧ್ರಗಳ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದ. ಬಾಯಲ್ಲಿ ಒಂದು ಕೆಂಪು ಜಿಪ್ಪು ಕಚ್ಚಿಕೊಂಡಿದ್ದ.

"ಅಯ್ಯೋ, ಏನೋ ಮಾಡ್ತಿದೀಯಾ?"

"ಬನ್ನಿ ಭಾವ," ಎಂದ ಅವನು ಜಿಪ್ಪನ್ನು ಬಾಯಿಂದ ತೆಗೆದು. "ಆ ವಯಸ್ಸಾದ ಅಮ್ಮ ಬಗ್ಗಿ ಲೇಸು ಎಲ್ಲಿ ಕಟ್ಕೋತಾರೆ? ನಿಮಗೆ ಒಳ್ಳೇದಾಗ್ಲಿ ಅಂತ್ಲೇ ಕೂತೆ. ಅಕ್ಕ ಬೆಳಿಗ್ಗೆ ಫೋನ್ ಮಾಡಿದ್ಲು, ಭಾವಂಗೆ ಸ್ವಲ್ಪ ಸಹಾಯ ಮಾಡೋ ಅಂತ."

ರಾಯರು ಬೂಟನ್ನು ಕಿತ್ತುಕೊಂಡು, ಬಿಚ್ಚಿದಷ್ಟನ್ನು ಅಲ್ಲೇ ನಿಂತು ಮತ್ತೆ ಹೊಲಿಸಿಕೊಂಡು, ಜೋಡಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಹೊರಟರು. ಮೇಜಿಗೆ ಒಯ್ಯಲು ಧೈರ್ಯವಾಗಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನಾಲ್ಕರವರೆಗೂ ಕೂರಲು ಯಜಮಾನರು ಬಿಡುವುದಿಲ್ಲ. ಬೇರೆ ಯಾವುದೋ ಆಟದ ಸಾಮಾನಿನ ಡಬ್ಬ ಎಣಿಸಲು ಹೇಳಿದ್ದರು. ಹೀಗೆ ಯೋಚಿಸುತ್ತಾ ಕ್ಯಾಂಟೀನಿನ ಬಾಗಿಲಿಗೆ ಬಂದಾಗ ಅಕ್ಕ ಕಂಡರು. ಕ್ಯಾಂಟೀನ್ ನಡೆಸುವ ಈ ಹೆಂಗಸು ಇಡೀ ಕಾರ್ಖಾನೆಗೇ ಅಕ್ಕ.

"ಅಕ್ಕಾ, ಬೀಗ ಹಾಕೋ ಜಾಗ ಏನಾದ್ರೂ ಇದೆಯಾ ನಿಮ್ಮ ಹತ್ರ?"

"ಇಲ್ಲಿ ಬೀಗ ಅಂತ ಇರೋದೇ ನನ್ನ ಹತ್ರ ಕಣಪ್ಪಾ," ಎಂದು ಅಕ್ಕ ಸೊಂಟದ ಕೀಲಿಕೈ ಮುಟ್ಟಿ ತೋರಿಸಿದರು. "ಯಾರು ಏನು ಬಿಟ್ಟುಹೋದ್ರೂ ಎತ್ತಿ ಬೀಗ ಹಾಕಿಡೋಳು ನಾನೇ. ಕೊಡು ಇಲ್ಲಿ."

"ಯಾರು ಬಂದು ಕೇಳಿದ್ರೂ ಕೊಡಬೇಡಿ. ನಾನೇ ಬರ್ತೀನಿ."

"ನಿನ್ನ ಯಜಮಾನ್ರೇ ಬಂದ್ರೂ ಕೊಡಲ್ಲ, ಹೋಗು."

ಎಲ್ಲಿಡುತ್ತೀರಿ ಎಂದು ಕೇಳಬೇಕೆಂದು ರಾಯರಿಗೆ ತೋಚಲಿಲ್ಲ. ಆಯಾಸಕ್ಕೆ ಅಷ್ಟೂ ಬುದ್ಧಿ ಓಡಲಿಲ್ಲ. ಬೀಗ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ಅವರಿಗೆ ಅರ್ಧ ನಿದ್ದೆ ಮಾಡಿದಷ್ಟು ಹಾಯೆನಿಸಿತು.

ಕೋಚಮ್ಮ ಹೇಳಿದ್ದಕ್ಕಿಂತ ಮೊದಲೇ ಬಂದರು. ಕಡ್ಡಿಯಂಥ ಮೈ, ಬಿಳಿಯ ಕೂದಲು, ಎದುರಿಗಿದ್ದವರ ಬೆನ್ನು ತಾನಾಗಿ ನೆಟ್ಟಗಾಗುವಂಥ ನೋಟ. ಗೋದಾಮಿನಲ್ಲಿ ಚೀಲಗಳನ್ನೆಲ್ಲ ಒಂದು ಗೋಡೆಗೆ ಗುಡ್ಡೆ ಹಾಕಿ ನಯವಾದ ನೆಲವನ್ನು ಖಾಲಿ ಮಾಡಿಸಿದ್ದರು. ರಾಯರು ಕ್ಯಾಂಟೀನಿಗೆ ಓಡಿದರು. ಬಾಗಿಲು ಹಾಕಿತ್ತು. ಅಕ್ಕ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಾರೆಂದು ಕಾವಲುಗಾರ ಹೇಳಿದ. ಕೀಲಿಕೈ? ಅದು ಸೊಂಟದಲ್ಲೇ ಹೋಗಿತ್ತು.

ಗೋದಾಮಿನಲ್ಲಿ ಯಜಮಾನರು ಟೀ ಕೊಟ್ಟರು, ಕಾಫಿ ಕೊಟ್ಟರು, ಕೊನೆಗೆ ಕಾರ್ಖಾನೆಯ ಇತಿಹಾಸ ಕೊಟ್ಟರು. ಕೋಚಮ್ಮ ಕೈಗಡಿಯಾರ ನೋಡಿಕೊಂಡರು. ಭಾವಮೈದುನ ರಾಯರ ಕಿವಿಯ ಹತ್ತಿರ ಬಂದು, "ಭಾವ, ನಿಮಗೆ ಕಿಟಕಿ ಪಕ್ಕದ ಮೆಷಿನ್ನೇ ಇಟ್ಟಿದೀನಿ, ಯೋಚನೆ ಮಾಡಬೇಡಿ" ಎಂದ.

ಆ ಹೊತ್ತಿಗೆ ಅಕ್ಕ ಕೆನ್ನೆಗೆ ಕೈ ಒತ್ತಿಕೊಂಡು ಗೇಟಿನೊಳಗೆ ಬಂದರು. ಬಾಯಿ ತುಂಬಾ ಹತ್ತಿ, ಮಾತಿಲ್ಲ. ರಾಯರು ಅವರನ್ನು ಹೆಚ್ಚುಕಡಿಮೆ ತಳ್ಳಿಕೊಂಡೇ ಕ್ಯಾಂಟೀನಿಗೆ ಹೋದರು. ಅಕ್ಕ ಕೀಲಿಕೈ ತೆಗೆದು, ರಾಯರು ನೋಡುತ್ತಿದ್ದಂತೆ, ಫ್ರಿಜ್ಜಿನ ಬೀಗ ತೆರೆದರು.

ಯಾರೋ ಹಾಲು ಕುಡಿದು ಹೋಗುತ್ತಾರೆಂದು ಹಿಂದೊಮ್ಮೆ ಅಕ್ಕ ಹಾಕಿಸಿದ ಬೀಗ ಅದು. ಅಲ್ಲಿಂದೀಚೆಗೆ ಕಾರ್ಖಾನೆಯಲ್ಲಿ ಮರೆತದ್ದು, ಬಿದ್ದದ್ದು, ಜೋಪಾನ ಮಾಡಬೇಕಾದದ್ದು ಎಲ್ಲಕ್ಕೂ ಅದೇ ತಿಜೋರಿ. ಟೊಮೇಟೊ ಪಕ್ಕ ಯಾರದೋ ಕೊಡೆ ಮಲಗಿತ್ತು. ಹಾಲಿನ ಹಿಂದೆ ಒಂದು ಒಂಟಿ ಚಪ್ಪಲಿ. ಲೆಕ್ಕದವರ ಕನ್ನಡಕಕ್ಕೆ ಬೆಳಿಗ್ಗೆ ಮಂಜು ಕವಿದದ್ದೇಕೆಂದು ರಾಯರಿಗೆ ಈಗ ಅರ್ಥವಾಯಿತು. ಸ್ಕೇಟು ಮಾತ್ರ ಕೆಳಗೆ ಹಿಡಿಸದೆ ಮೇಲಿನ ಐಸಿನ ಪೆಟ್ಟಿಗೆಯಲ್ಲಿತ್ತು, ಗಾಲಿಗಳ ಮೇಲೆ ಬಿಳಿಯ ಹಿಮ ಕಟ್ಟಿಕೊಂಡು.

ಅಳಲು ಹೊತ್ತಿರಲಿಲ್ಲ. ರಾಯರು ಕರವಸ್ತ್ರದಿಂದ ಬೂಟಿನ ಒಳಗನ್ನು ಒರೆಸುತ್ತಾ ಓಡಿದರು. ಕೋಚಮ್ಮ ಕಾಲು ತೂರಿಸಿ ಹುಬ್ಬೇರಿಸಿದರು. "ತಣ್ಣಗಿದೆಯಲ್ರೀ!" ಎಂದರು. ಕೋಚಮ್ಮ ಬಗ್ಗಿ, ಯಾರ ಸಹಾಯವೂ ಇಲ್ಲದೆ ಲೇಸು ಬಿಗಿದುಕೊಂಡು ಎದ್ದರು.

ಆಮೇಲೆ ನಡೆದದ್ದನ್ನು ರಾಯರು ಒಂದೇ ಕಣ್ಣಿನಿಂದ ನೋಡಿದರು, ಇನ್ನೊಂದನ್ನು ಮುಚ್ಚಿಕೊಂಡಿದ್ದರು. ಕೋಚಮ್ಮ ಗೋದಾಮಿನ ಆ ತುದಿಗೆ ಹೋದರು. ಒಂದು ಕಾಲಿನ ಮೇಲೆ ವಾಲಿ ಅರ್ಧಚಂದ್ರದಂತೆ ಸುತ್ತಿದರು. ಬುಗುರಿಯಂತೆ ನಿಂತಲ್ಲೇ ತಿರುಗಿದರು. ವೇಗವಾಗಿ ಇವರ ಕಡೆಗೇ ಬಂದರು, ಎರಡೂ ಪಾದ ಅಡ್ಡ ಹಾಕಿದರು. ರಾಯರು ಎರಡನೇ ಕಣ್ಣನ್ನೂ ಮುಚ್ಚಿದರು.

ಸರ್‍ರ್.

ಕಣ್ಣು ಬಿಟ್ಟರೆ ಕೋಚಮ್ಮ ಅವರ ಎದುರಿಗೆ, ಒಂದು ಗೇಣು ದೂರದಲ್ಲಿ, ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

"ಐಸು," ಎಂದರು. "ಇದು ಐಸೇ. ಹೇಗ್ ಮಾಡಿದ್ರಿ ಇದನ್ನ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಲೆಕ್ಕದವರು, "ನಾನು ಬೆಳಿಗ್ಗೇನೇ ಹೇಳ್ದೆ" ಎಂದರು. ರಾಯರು ಒಂದು ಡಬ್ಬದ ಮೇಲೆ ಕುಸಿದು ಕೂತರು. ಅವರಿಗೆ ತುಂಬಾ ಸಂತೋಷವಾಗಿತ್ತು. ಇಷ್ಟು ವರ್ಷದ ಮೇಲೆ ಸಂತೋಷವಾದದ್ದರಿಂದ, ಅದು ಸಂತೋಷವೇ ಎಂದು ಗುರುತು ಹಿಡಿಯಲು ಕೊಂಚ ಹೊತ್ತು ಬೇಕಾಯಿತು. ಆಮೇಲೆ ಅವರ ಕಣ್ಣು ನೆಲದ ಮೇಲೆ ಬಿತ್ತು. ಕೋಚಮ್ಮನ ಗಾಲಿಗಳಿಂದ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು. ಶೀತಕ್ಕೆ ಗಾಲಿ ಕಲ್ಲಿನಂತೆ ಗಟ್ಟಿಯಾಗಿ, ಮೇಲೆ ಕಟ್ಟಿದ ಹಿಮ ಕರಗಿ ಜಾರಿ, ನೆಲವನ್ನು ಕಚ್ಚುವುದನ್ನೇ ಮರೆತಿತ್ತು. ರಾಯರ ಸಂತೋಷವೂ ಅದರ ಜೊತೆಗೇ ಕರಗತೊಡಗಿತು.

"ಇನ್ನೊಂದ್ಸಲ ಆಗ್ಲಿ, ಫೋಟೋ ತೆಗೀಬೇಕು!" ಎಂದು ಮಾರಾಟದವನು ಕೂಗಿದ.

"ಬೇಡ," ಎಂದರು ರಾಯರು. ಯಾರಿಗೂ ಕೇಳಿಸಲಿಲ್ಲ.

ಕ್ಯಾಮರಾ ಹುಡುಕಿ, ನಿಲ್ಲುವ ಜಾಗ ಗೊತ್ತುಮಾಡಿ, ಯಜಮಾನರು ತಲೆ ಬಾಚಿಕೊಂಡು ಬರುವಷ್ಟರಲ್ಲಿ ಗಾಲಿಗಳು ಒಣಗಿ ಬೆಚ್ಚಗಾಗಿದ್ದವು. ಕೋಚಮ್ಮ ಅದೇ ವೇಗದಲ್ಲಿ ಬಂದರು, ಅದೇ ಠೀವಿಯಲ್ಲಿ ಪಾದ ಅಡ್ಡ ಹಾಕಿದರು. ಸ್ಕೇಟು ನಿಂತಿತು. ಕೋಚಮ್ಮ ನಿಲ್ಲಲಿಲ್ಲ. ಚೀಲದ ಗುಡ್ಡೆ ಇಲ್ಲದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಶಾಲಾಚೀಲಗಳ ನಡುವಿನಿಂದ ಮೊದಲು ಒಂದು ಕೈ, ಆಮೇಲೆ ಬಿಳಿಯ ತಲೆ ಹೊರಬಂತು.

"ಈಗ ರಸ್ತೆ," ಎಂದರು ಕೋಚಮ್ಮ. "ಅದೂ ಕೆಟ್ಟ ರಸ್ತೆ."

ಗೋದಾಮಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಬಾಯಿಂದ ಹತ್ತಿ ತೆಗೆದು, ನೋವಿನಲ್ಲೇ ಹೇಳಿದರು: "ಮತ್ತೆ? ಎರಡನೇ ಸಲ ಫ್ರಿಜ್ಜಲ್ಲಿ ಇಡ್ಲೇ ಇಲ್ವಲ್ಲ!"

ನಡೆದದ್ದೆಲ್ಲ ಹೊರಬಿತ್ತು. ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆದರು. ರಾಯರು ಕೊನೆಯ ಪ್ರಯತ್ನವೆಂದು ಎದ್ದು ನಿಂತು, "ಸಾರ್, ದಾರಿ ಸಿಕ್ಕಿದೆ. ಗಾಲಿಯ ಮೇಲ್ಪದರ ಬದಲಾಯಿಸಿ ಅಷ್ಟೇ ಗಟ್ಟಿ, ಅಷ್ಟೇ ಜಾರೋ ಹಾಗೆ ಮಾಡಬಹುದು. ಸ್ವಲ್ಪ ಕಾಲ ಕೊಟ್ರೆ..." ಎಂದರು.

"ಕಾಲ ಯಾಕೆ ರಾಯರೇ?" ಯಜಮಾನರು ತಟ್ಟನೆ ನಿಂತರು. ಮುಖ ಬೆಳಗುತ್ತಿತ್ತು. "ಸ್ಕೇಟು ಸರಿಯಾಗೇ ಇದೆ. ಅದು ತಣ್ಣಗಿರಬೇಕು ಅಷ್ಟೆ. ನಮಗೆ ಬೇಕಾಗಿರೋದು ಅದನ್ನ ತಣ್ಣಗೆ ಇಡೋ ಅಂಥ ಒಂದು ಚೀಲ! ಒಳಗೆ ಐಸು, ಹೊರಗೆ ಜಿಪ್ಪು. ಸ್ಕೇಟು ಒಂದು ಸಲ ಮಾರಿದ್ರೆ ಮುಗೀತು, ಚೀಲ ಹರೀತಾ ಇರತ್ತೆ, ಮಾರ್ತಾ ಇರಬಹುದು."

ಮತ್ತೆ ಚಪ್ಪಾಳೆ ಬಿತ್ತು, ಮೊದಲಿನದಕ್ಕಿಂತ ಜೋರಾಗಿ. ಭಾವಮೈದುನ ಆಗಲೇ ಜೇಬಿನಿಂದ ಅಳತೆಯ ಪಟ್ಟಿ ತೆಗೆದು ಸ್ಕೇಟಿನ ಉದ್ದ ನೋಡುತ್ತಿದ್ದ. "ಭಾವ, ಈ ಸ್ಕೇಟಿನ ಗುಟ್ಟು ಗೊತ್ತಿರೋರು ನೀವೊಬ್ರೇ. ಬೆಳಿಗ್ಗೆ ಬಂದ್ಬಿಡಿ, ಜಿಪ್ಪು ನಿಮ್ಮ ಕೈಯಿಂದ್ಲೇ ಶುರುವಾಗ್ಲಿ. ಸೊಟ್ಟ ಮಾತ್ರ ಆಗಬಾರ್ದು, ಒಳಗಿನ ತಂಪೆಲ್ಲ ಹೋಗ್ಬಿಡತ್ತೆ."

ರಾಯರು ತಲೆಯಾಡಿಸಿದರು. ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆಗೆ ಕಾಲೆಳೆದುಕೊಂಡು ಹೊರಟಾಗ ಯಜಮಾನರು ಹಿಂದಿನಿಂದ ಕೂಗಿ ಕರೆದರು.

"ಅಂದ ಹಾಗೆ ರಾಯರೇ, ನಿಮ್ಮ ಮೇಜಿನ ಖಾನೆಗೆ ಬೀಗ ಬೇಕು ಅಂತಿದ್ರಲ್ಲ? ನೀವು ಹೇಳಿದ್ದೇ ಸರಿ. ಇವತ್ತೇ ಹಾಕಿಸ್ತೀನಿ."

ರಾಯರು ತಿರುಗಿ ನಿಂತರು. ಆ ದಿನದಲ್ಲಿ ಅವರ ಪಾಲಿಗೆ ಏನೋ ಒಂದು ಉಳಿದಿತ್ತು ಎನ್ನಿಸಿತು.

"ಚೀಲದ ಡಿಸೈನು ಅಂದ್ಮೇಲೆ ಭದ್ರವಾಗಿರಬೇಕಲ್ಲ," ಎಂದರು ಯಜಮಾನರು. "ನಾಳೆಯಿಂದ ನಿಮ್ಮ ಭಾವಮೈದುನ ಆ ಮೇಜಲ್ಲೇ ಕೂತ್ಕೋತಾನೆ."