ಕಂಪ್ಯೂಟರಿಗೆ ಕೂಲರ್ ಹಚ್ಚಿದ್ದು

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ಬಹುತೇಕ ಜನರಿಗೆ ಸಮಾಧಾನವಾಗುತ್ತದೆ. ನನಗೆ ಮಾತ್ರ ಕೈ ತುರಿಸುತ್ತದೆ. ಗೋಡೆಯ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದ್ದರೆ, ಇದನ್ನು ಇನ್ನೂ ಸ್ವಲ್ಪ ಸರಿಯಾಗಿ ತೋರಿಸುವಂತೆ ಮಾಡಬಹುದೇ ಎಂದು ಯೋಚಿಸುವ ಪೈಕಿಯವನು ನಾನು. ಹಾಗೆ ನಾನು ಸುಧಾರಿಸಿದ ಗಡಿಯಾರ ಈಗ ಅಟ್ಟದ ಮೇಲಿದೆ. ಸುಧಾರಿಸಿದ ಮಿಕ್ಸರ್ ಅದರ ಪಕ್ಕದಲ್ಲಿದೆ. ಸುಧಾರಿಸಿದ ಸ್ಕೂಟರನ್ನು ಅಟ್ಟಕ್ಕೆ ಏರಿಸಲು ಆಗದ್ದರಿಂದ ಅದು ಅಂಗಳದಲ್ಲೇ ನಿಂತು ಬಟ್ಟೆ ಒಣಹಾಕುವ ಕೆಲಸಕ್ಕೆ ಒದಗುತ್ತಿದೆ. ನನ್ನ ಹೆಂಡತಿ ಜಗದೇವಿ ಇದಕ್ಕೆ 'ರಿಪೇರಿ ರೋಗ' ಎಂದು ಹೆಸರಿಟ್ಟಾಗ ನಾನು ಅವಳನ್ನು ತಿದ್ದಿದೆ. ರಿಪೇರಿ ಎಂದರೆ ಕೆಟ್ಟಿದ್ದನ್ನು ಸರಿ ಮಾಡುವುದು, ನಾನು ಮಾಡುವುದು ಸುಧಾರಣೆ ಎಂದೆ. "ಹೌದ್ರಿ, ಸುಧಾರಣಾ ಮೊದಲು. ರಿಪೇರಿ ಅದರ ನಂತರ ಬರ್ತದ" ಎಂದು ಅವಳು ಒಪ್ಪಿಕೊಂಡಳು.

ನಾನು ಕಮಲಾಪುರದ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ಇದ್ದ ರಾಜ್ಯವನ್ನು ನೆಟ್ಟಗೆ ನೋಡಿಕೊಳ್ಳದೆ ಪಕ್ಕದ ರಾಜ್ಯಕ್ಕೆ ಕೈ ಹಾಕಿ ಎರಡನ್ನೂ ಕಳೆದುಕೊಂಡ ಅರಸರ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ. ಹುಡುಗರು ಕಲಿಯುತ್ತಾರೋ ಇಲ್ಲವೋ ಗೊತ್ತಿಲ್ಲ, ನಾನಂತೂ ಕಲಿತಿಲ್ಲ. ಇಂಥ ನಾನು, ಊರಲ್ಲಿ ಎಲ್ಲರೂ ಕಂಪ್ಯೂಟರ್ ಕಂಪ್ಯೂಟರ್ ಎನ್ನುತ್ತಿದ್ದ ಆ ವರ್ಷಗಳಲ್ಲಿ ಸ್ಟೇಶನ್ ಬಜಾರದ ಒಂದು ಅಂಗಡಿಯಿಂದ ಕಂಪ್ಯೂಟರ್ ತಂದೆ. ಆರುನೂರು ಮೆಗಾಹರ್ಟ್ಸಿನದು. ಮೆಗಾಹರ್ಟ್ಸ್ ಎಂದರೇನೆಂದು ನಮ್ಮವ್ವ ಕೇಳಿದಾಗ, ಅದರ ಓಟದ ಅಳತೆ ಎಂದೆ. "ಮೇಜಿನ ಮ್ಯಾಲಿಂದ ಕದಲವಲ್ದು, ಓಡೂದೆಲ್ಲಿ?" ಎಂದು ಅವ್ವ ಮೇಜನ್ನೇ ನೋಡುತ್ತ ಕುಳಿತಳು.

ಕಂಪ್ಯೂಟರ್ ತಂದವನು ನಾನಾದರೂ ಅದನ್ನು ಕಲಿತವಳು ಜಗದೇವಿ. ನಾನು ಒಂದೇ ಬೆರಳಿನಲ್ಲಿ ಪ್ರಶ್ನೆಪತ್ರಿಕೆಯ ಶಿರೋನಾಮೆಯ ಅಕ್ಷರ ಹುಡುಕುತ್ತಿದ್ದರೆ ಅವಳು ಮಧ್ಯಾಹ್ನ ಮಧ್ಯಾಹ್ನ ಕುಳಿತು ಕನ್ನಡ ಟೈಪಿಂಗ್ ರೂಢಿಸಿಕೊಂಡಳು. ಅದೇ ವೇಳೆಗೆ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರ ಸಂಘದ ಕಚೇರಿಗೆ ಹೊಸದಾಗಿ ಕಂಪ್ಯೂಟರ್ ಬಂತು, ಟೈಪ್ ಮಾಡುವವರು ಬೇಕೆಂದು ಅರ್ಜಿ ಕರೆದರು. ಜಗದೇವಿ ಬಿ.ಎ. ಪಾಸಾಗಿ, ಮದುವೆಯಾಗಿ, ಆ ಪ್ರಮಾಣಪತ್ರವನ್ನು ಸೀರೆಗಳ ಕೆಳಗೆ ಇಟ್ಟವಳು. ಅರ್ಜಿ ಹಾಕಿದ ದಿನ ಅವಳು ನನಗೆ ಹೇಳಿದ್ದು ಒಂದೇ ಮಾತು: "ಇಷ್ಟು ವರ್ಷ ಎಲ್ಲಾರ ಮನಿಯಾಗೂ ಮಾಸ್ತರ ಹೆಂಡತಿ ಅಂತ ಕುರ್ಚಿ ಕೊಟ್ಟಾರ. ನನ್ನ ಹೆಸರಲೆ ಒಂದು ಕುರ್ಚಿ ಬೇಕ್ರಿ ನನಗ." ಅದನ್ನು ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತು. ಈ ಹೆಣ್ಣುಮಗಳಿಗೆ ಹೇಗಾದರೂ ಸಹಾಯ ಮಾಡಬೇಕು ಎಂದು ನಾನು ನಿಶ್ಚಯಿಸಿದೆ. ಅನಾಹುತ ಶುರುವಾದದ್ದು ಅಲ್ಲಿಂದ.

ಸಂಘದಿಂದ ಟೈಪಿಂಗ್ ಪರೀಕ್ಷೆಗೆ ಕರೆ ಬಂದ ಮೇಲೆ ಅವಳು ಒಮ್ಮೆ, "ನಾ ಹೊಡದ ಅಕ್ಷರ ಪರದೆ ಮ್ಯಾಲೆ ಸಾವಕಾಶ ಬರಾಕತ್ತದ್ರಿ" ಎಂದು ಗೊಣಗಿದಳು. ನಾನು ಇದನ್ನು ಕಾಲೇಜಿನಲ್ಲಿ ಭೌತಶಾಸ್ತ್ರದ ಸಿದ್ಧರಾಮನ ಮುಂದೆ ಹೇಳಿದೆ. ಅವನಿಗೆ ಎಲ್ಲ ಗೊತ್ತು, ಅಂದರೆ ಎಲ್ಲದರ ಹೆಸರು ಗೊತ್ತು. "ಓವರ್‌ಕ್ಲಾಕಿಂಗ್ ಮಾಡ್ರಿ ಸರ್. ಆರುನೂರಿಂದು ಎಂಟುನೂರರಾಗ ಓಡ್ತದ. ಆದ್ರ ಅದು ಇತಿಹಾಸದವ್ರ ಕೆಲಸ ಅಲ್ಲ ಬಿಡ್ರಿ" ಎಂದ. ಆ ಕೊನೆಯ ವಾಕ್ಯ ಇರದಿದ್ದರೆ ನನ್ನ ಕಂಪ್ಯೂಟರ್ ಇನ್ನೂ ಬದುಕಿರುತ್ತಿತ್ತು. ಅದೇ ಸಂಜೆ ಬಸ್ಸಿಳಿದು ಸ್ಟೇಶನ್ ಬಜಾರಕ್ಕೆ ಹೋಗಿ, ಹೊಸಬರು ಅಪಾಯವಿಲ್ಲದೆ ಪ್ರೊಸೆಸರಿನ ವೇಗ ಹೆಚ್ಚಿಸುವುದು ಹೇಗೆ ಎಂಬ ಲೇಖನವಿದ್ದ ಇಂಗ್ಲಿಷ್ ಮಾಸಪತ್ರಿಕೆಯೊಂದನ್ನು ಕೊಂಡೆ.

ಲೇಖನ ಚೆನ್ನಾಗಿತ್ತು. ಕಂಪ್ಯೂಟರ್ ಶುರುವಾಗುವಾಗ ಒಂದು ಗುಂಡಿ ಒತ್ತಿದರೆ ನೀಲಿ ಪರದೆ ಬರುತ್ತದೆ, ಅಲ್ಲಿ ನೂರು ಎಂದು ಒಂದು ಅಂಕಿ ಇರುತ್ತದೆ, ನನ್ನದರಲ್ಲಿ ಅದರ ಆರು ಪಟ್ಟು ಕಂಪ್ಯೂಟರಿನ ವೇಗ, ಆ ಅಂಕಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು, ಪ್ರತಿ ಸಲವೂ ತಾಸುಗಟ್ಟಲೆ ಓಡಿಸಿ ಪರೀಕ್ಷಿಸಬೇಕು, ಬಿಸಿ ಎಷ್ಟಾಯಿತು ನೋಡಬೇಕು, ಕೆಡುವ ಸುಳಿವು ಕಂಡರೆ ಹಿಂದಕ್ಕೆ ಬರಬೇಕು. ತಾಳ್ಮೆಯೊಂದಿದ್ದರೆ ಸಾಕು ಎಂದು ಬರೆದಿದ್ದರು. ತಾಳ್ಮೆ ಇರುವವನು ಇದ್ದ ವೇಗದಲ್ಲೇ ಸುಖವಾಗಿ ಇರುತ್ತಾನಲ್ಲ, ವೇಗ ಹೆಚ್ಚಿಸುವ ಗೊಡವೆಗೆ ಯಾಕೆ ಹೋಗುತ್ತಾನೆ ಎಂಬ ಪ್ರಶ್ನೆಗೆ ಲೇಖನದಲ್ಲಿ ಉತ್ತರವಿರಲಿಲ್ಲ. ಆದರೆ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಒಂದು ಎಚ್ಚರಿಕೆಯಿತ್ತು. ಒಳ್ಳೆಯ ಕೂಲರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ, ಕಂಪ್ಯೂಟರಿನ ಜೊತೆ ಬಂದ ಕೂಲರ್ ಇದಕ್ಕೆ ಸಾಲದು.

ಓದುಗರು ಕಲಬುರಗಿಯ ಬೇಸಿಗೆ ಕಂಡಿದ್ದರೆ ನನ್ನ ಸ್ಥಿತಿ ಅರ್ಥವಾದೀತು. ನಮ್ಮಲ್ಲಿ ಕೂಲರ್ ಎಂದರೆ ಒಂದೇ. ಕಿಟಕಿಗೆ ಹಚ್ಚುವ ಆಳೆತ್ತರದ ತಗಡಿನ ಪೆಟ್ಟಿಗೆ, ಮೂರು ಬದಿಗೆ ಹುಲ್ಲಿನ ಪರದೆ, ಒಳಗೆ ಕೊಡಗಟ್ಟಲೆ ನೀರು, ಮುಂದೆ ಗರಗರ ತಿರುಗುವ ಫ್ಯಾನು. ಹೆಣ್ಣು ಕೊಡುವವರು ಮನೆಯಲ್ಲಿ ಕೂಲರ್ ಇದೆಯೇ ಎಂದು ಕೇಳುವ ಊರು ಇದು. ಆದ್ದರಿಂದ 'ಕಂಪ್ಯೂಟರಿನ ಜೊತೆ ಬಂದ ಕೂಲರ್' ಎಂಬ ಮಾತು ಓದಿದ್ದೇ ನನ್ನ ನೆತ್ತಿಗೆ ರಕ್ತವೇರಿತು. ಬೇರೆ ಊರಿನವರಿಗೆಲ್ಲ ಕಂಪ್ಯೂಟರಿನ ಜೊತೆ ಕೂಲರ್ ಕೊಡುತ್ತಾರೆ, ನಮ್ಮ ಅಂಗಡಿಯವನು ನನಗೆ ಕೊಟ್ಟದ್ದು ಪ್ಲಾಸ್ಟಿಕ್ ಹೊದಿಕೆ ಮತ್ತು ಒಂದು ಕ್ಯಾಲೆಂಡರ್!

ಮರುದಿನವೇ ಅಂಗಡಿಗೆ ಹೋದೆ. ಮಾಲೀಕ ಚಾಂದಪಾಷಾ ಗಿರಾಕಿಗಳ ನಡುವೆ ಮುಳುಗಿದ್ದ.

"ನನ್ನ ಕೂಲರ್ ಎಲ್ಲಿ?" ಎಂದೆ.

"ಅಂದರೇಚ್ ಹೈ ಸಾಬ್. ಒಳಗೇ ಅದರೀ" ಎಂದ ಅವನು ತಲೆಯೆತ್ತದೆ.

ಒಳಗೆ ಎಂದರೆ ಅಂಗಡಿಯ ಹಿಂದಿನ ಗೋದಾಮು ಎಂದು ನಾನು ತಿಳಿದೆ. "ಒಳಗಿದ್ದರೆ ಹೊರಗೆ ತರ್ರಿ."

"ಹೊರಗ ತೆಗಿಬ್ಯಾಡ್ರಿ ಸರ್, ಪ್ರೊಸೆಸರ್ ಸುಟ್ಟು ಹೋಗ್ತದ."

"ನನಗೆ ಕೊಡಬೇಕಾದದ್ದನ್ನು ಕೊಡಲಿಕ್ಕೆ ಇಷ್ಟು ನೆಪ ಯಾಕ್ರಿ?"

"ಕೊಟ್ಟೇನಲ್ರಿ! ನಿಮ್ಮ ಮನಿಯಾಗೇ ತಿರಗಾಕತ್ತದ!"

ಮನೆಯಲ್ಲಿ ತಿರುಗುತ್ತಿರುವುದು ನನ್ನ ಮಾವ ಕೊಟ್ಟ ಕೂಲರ್, ಅದರ ಹೆಸರು ಹೇಳಿ ತಾನು ಪಾರಾಗಲು ನೋಡುತ್ತಾನಲ್ಲ ಎಂದು ನನಗೆ ಮೈ ಉರಿಯಿತು. ನಾಲ್ಕು ಜನರೆದುರು ಅವನ ವ್ಯಾಪಾರದ ನೀತಿಯ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟು ಹೊರಬಿದ್ದೆ. ಪ್ರೊಸೆಸರಿನ ತಲೆಯ ಮೇಲೆ ಬಿಸ್ಕತ್ತಿನಷ್ಟು ದೊಡ್ಡ ಫ್ಯಾನೊಂದು ಕುಳಿತಿರುತ್ತದೆ, ಅದಕ್ಕೂ ಕೂಲರ್ ಎನ್ನುತ್ತಾರೆ ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಮುಂದಿನ ಭಾನುವಾರ ಮಧ್ಯಾಹ್ನ ಜಗದೇವಿ ಹಪ್ಪಳ ಒಣಹಾಕಲು ಮಾಳಿಗೆಗೆ ಹೋಗಿದ್ದಳು. ನಾನು ಕಂಪ್ಯೂಟರಿನ ಒಂದು ಬದಿಯ ತಗಡು ಬಿಚ್ಚಿದೆ. ಅವ್ವನ ಮಂಚದ ಪಕ್ಕದ ಕಿಟಕಿಯಿಂದ ಕೂಲರನ್ನು ಇಳಿಸಿ, ಎಳೆದು ತಂದು, ಬಿಚ್ಚಿದ ಬದಿಗೆ ಮುಖ ಮಾಡಿ ನಿಲ್ಲಿಸಿದೆ. ಒಳ್ಳೆಯ ಕೂಲರ್ ಬೇಕೆಂದಿದ್ದರಲ್ಲ, ಅದಕ್ಕೆ ಕಂಠಮಟ ನೀರು ತುಂಬಿದೆ. ಎದ್ದು ಕುಳಿತ ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಡಬ್ಬಿಗಿ ಜ್ವರ ಬಂದಾವೇನೋ?" ಎಂದು ಕೇಳಿದಳು. "ಬರಬಾರದು ಅಂತ ಮಾಡ್ತಿದ್ದೇನೆ" ಎಂದೆ.

ಮೊದಲು ನೂರನ್ನು ನೂರಮೂರು ಮಾಡಿದೆ. ಕಂಪ್ಯೂಟರ್ ಮೊದಲಿನಂತೆಯೇ ಶುರುವಾಯಿತು. ನನಗೋ, ಕೋಟೆಯ ಮೊದಲ ಬಾಗಿಲು ಒಡೆದ ಸಂಭ್ರಮ. ತಾಸುಗಟ್ಟಲೆ ಪರೀಕ್ಷಿಸಬೇಕು ಎಂದಿತ್ತು, ನಾನು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಪರೀಕ್ಷಿಸಿದೆ. ನೂರೈದಕ್ಕೆ ಏರಿಸಿದೆ, ಆಗಲೂ ಏನೂ ಆಗಲಿಲ್ಲ. ಲೇಖನ ಬರೆದವರು ಕಲಬುರಗಿಯ ಕೂಲರ್ ಕಂಡವರಲ್ಲ, ಅದಕ್ಕೇ ಇಷ್ಟು ಅಂಜಿದ್ದಾರೆ ಎನಿಸಿತು. ಸಿದ್ಧರಾಮನ ಮುಖ ಕಣ್ಣ ಮುಂದೆ ಬಂತು. ಇತಿಹಾಸದವರ ಕೆಲಸ ಅಲ್ಲವಂತೆ! ನಡುವಿನ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರವಾಗಿ ನೂರ ಮೂವತ್ಮೂರು ಒತ್ತಿದೆ. ಆರುನೂರರದು ಎಂಟುನೂರಾಗಬೇಕಾದ ಆ ಕ್ಷಣದಲ್ಲಿ ಕೂಲರಿನ ಫ್ಯಾನು ಹುಲ್ಲಿನ ಪರದೆಯಿಂದ ಒಂದು ಬೊಗಸೆ ನೀರನ್ನು ಸೀನಿದಂತೆ ಎರಚಿತು. 'ಚಟ್' ಎಂದಿತು. ಕಂಪ್ಯೂಟರಿನ ಪರದೆ ಕಪ್ಪಾಯಿತು. ತೆಳ್ಳಗೆ ಹೊಗೆ ಎದ್ದಿತು. ಅವ್ವ ಮೂಗು ಅರಳಿಸಿ, "ಯಾರೋ ಶೇಂಗಾ ಹುರ್ಯಾಕತ್ತಾರ" ಎಂದಳು.

ಸತ್ತದ್ದು ವೇಗದಿಂದಲೋ ನೀರಿನಿಂದಲೋ ಎಂದು ನಾನು ಸಿದ್ಧರಾಮನ ಜೊತೆ ಆಮೇಲೆ ಎಷ್ಟೋ ದಿನ ವಾದಿಸಿದ್ದೇನೆ. ಆ ಮಧ್ಯಾಹ್ನ ಮಾತ್ರ ವಾದ ಮಾಡುವ ಧೈರ್ಯವಿರಲಿಲ್ಲ. ಜಗದೇವಿ ಮಾಳಿಗೆಯಿಂದ ಇಳಿದು ಬಂದು ನೋಡಿದಳು. ನೆಲದ ನೀರು ಒರೆಸಿದಳು. "ಅಕ್ಷರ ಲಗೂನ ಬರಲಿ ಅಂತ ಮಾಡಿದೆ" ಎಂದೆ ನಾನು. ಅವಳು ಬಟ್ಟೆ ಹಿಂಡುತ್ತ ಹೇಳಿದಳು: "ಪರದೆ ಮ್ಯಾಲೆ ಮೀನ ಬಿಟ್ಟೀರಲ್ರಿ, ಈಜಾಡೂ ಮೀನ. ಅದನ್ನ ತೆಗದ್ರ ಸಾಕಿತ್ತು. ಹೇಳಬೇಕಂತ ಇದ್ದೆ." ಪತ್ರಿಕೆಗಳ ಜೊತೆ ಪುಕ್ಕಟೆ ಬಂದ ಸಿ.ಡಿ.ಗಳಿಂದ ಮೀನು, ನಾಲ್ಕು ತರಹದ ಗಡಿಯಾರ, ಕುಣಿಯುವ ಬೆಕ್ಕು ಇವನ್ನೆಲ್ಲ ಕಂಪ್ಯೂಟರಿಗೆ ಹೇರಿದವನು ನಾನೇ. ಅವಳಿಗೆ ಅಳು ಬಂದಿತ್ತು, ಅತ್ತಿರಲಿಲ್ಲ. ನನಗೆ ನಾಚಿಕೆಯಿಂದ ನೆಲ ಬಾಯಿ ಬಿಟ್ಟರೆ ಒಳ್ಳೆಯದಿತ್ತು ಎನಿಸಿತು. ಪರೀಕ್ಷೆ ಮುಂದಿನ ವಾರ. ಚಾಂದಪಾಷಾ ಹೈದರಾಬಾದಿನಿಂದ ಸಾಮಾನು ಬರಲು ತಿಂಗಳಾಗುತ್ತದೆ ಎಂದ. ಹಾಗೆ ಹೇಳುವಾಗ ಅವನು ನನ್ನ ಉಪನ್ಯಾಸವನ್ನು ಮರೆತಿರಲಿಲ್ಲ.

ಅಂದು ಸಂಜೆ ರೊಟ್ಟಿ ಬಡಿದು ಮುಗಿಸಿ ಜಗದೇವಿ ಸತ್ತ ಕಂಪ್ಯೂಟರಿನ ಮುಂದೆ ಕುಳಿತಳು. ಕೀಲಿಮಣೆ ಮುಂದೆಳೆದುಕೊಂಡು, "ಪೇಪರ್ ಓದ್ರಿ" ಎಂದು ನನಗೆ ಅಪ್ಪಣೆ ಮಾಡಿದಳು. ನಾನು ಸುದ್ದಿ ಓದಿದೆ, ಅವಳು ಕಪ್ಪು ಪರದೆಯ ಮುಂದೆ ಟಕಟಕ ಒತ್ತಿದಳು. ಅವ್ವ ಇಣುಕಿ ನೋಡಿ, "ಏನೂ ಮೂಡವಲ್ದಲ್ಲ ತಂಗಿ" ಎಂದಳು. "ಕೈಗೆ ಕಾಣ್ತದ ಅತ್ತಿ" ಎಂದಳು ಇವಳು. ಹೀಗೆ ಆ ವಾರವೆಲ್ಲ ನಡೆಯಿತು. ತಪ್ಪಾಯಿತೋ ಸರಿಯಾಯಿತೋ ಹೇಳುವವರಿಲ್ಲ. ನನ್ನ ಗಂಟಲು ಒಣಗಿ ನಿಧಾನವಾದರೆ "ಲಗೂ ಓದ್ರಿ" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ವೇಗ ಹೆಚ್ಚಿದ್ದು ನನ್ನ ಓದಿನದು ಮಾತ್ರ ಎಂದು ನಾನು ಒಮ್ಮೆ ತಮಾಷೆ ಮಾಡಿದೆ. ಯಾರೂ ನಗಲಿಲ್ಲ.

ಪರೀಕ್ಷೆಯ ದಿನ ಕಮಲಾಪುರದ ಬಸ್ಸಿನಲ್ಲಿ ಇಬ್ಬರೂ ಹೋದೆವು. ನಾನು ಸಂಘದ ಕಚೇರಿಯ ಹೊರಗೆ ಬಾಳೆಗೊನೆಗಳ ಪಕ್ಕದಲ್ಲಿ ನಿಂತು, ನನಗೆ ಗೊತ್ತಿರುವ ದೇವರಿಗೆಲ್ಲ ಕೈ ಮುಗಿದೆ. ಒಳಗೆ ನಡೆದದ್ದನ್ನು ಅಲ್ಲಿಯ ಕಾರ್ಯದರ್ಶಿ ಆಮೇಲೆ ನನಗೆ ಹೇಳಿದರು. ಉಳಿದವರೆಲ್ಲ ಒಂದು ಪದ ಒತ್ತಿ ಪರದೆ ನೋಡಿ, ಮತ್ತೊಂದು ಒತ್ತಿ ಪರದೆ ನೋಡಿ, ಕತ್ತು ಆಡಿಸುತ್ತಿದ್ದರಂತೆ. ಇವಳೊಬ್ಬಳು ಪರದೆಯ ಕಡೆ ಒಮ್ಮೆಯೂ ನೋಡದೆ ಮುಗಿಸಿ ಎದ್ದಳಂತೆ. ಆಮೇಲೆ ಸಂದರ್ಶನದಲ್ಲಿ, "ಕಂಪ್ಯೂಟರ್ ನಡುವೇ ನಿಂತ್ರ ಏನ್ ಮಾಡ್ತೀರಿ?" ಎಂದು ಕೇಳಿದರಂತೆ. ಇವಳು ಒಂದು ಕ್ಷಣವೂ ತಡೆಯದೆ, "ಮೊದಲು ನಮ್ಮ ಮನಿಯವ್ರು ಸುತ್ತಮುತ್ತ ಅದಾರೇನು ನೋಡ್ತೀನ್ರಿ" ಎಂದಳಂತೆ. ಕಮಿಟಿಯವರು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು, ಆ ಕುರ್ಚಿಗಳಲ್ಲೊಂದನ್ನು ಅವಳಿಗೆ ಕೊಟ್ಟರು.

ಓವರ್‌ಕ್ಲಾಕಿಂಗಿನಿಂದಲೇ ನನ್ನ ಹೆಂಡತಿಗೆ ನೌಕರಿ ಸಿಕ್ಕಿತು ಎಂದು ಕಾಲೇಜಿನಲ್ಲಿ ಹೇಳಿಕೊಂಡು ತಿರುಗಿದೆ. ಲೆಕ್ಕ ಹಾಕಿದರೆ ಅದು ಸುಳ್ಳೇನಲ್ಲ. ಆ ಹುರುಪಿನಲ್ಲಿ ಒಂದು ದಿನ ಕಾಲೇಜು ಬಿಟ್ಟ ಮೇಲೆ, ಹೆಂಡತಿಯ ಕುರ್ಚಿಯನ್ನು ಕಣ್ಣಾರೆ ನೋಡೋಣ, ಹಾಗೆಯೇ ಸಂಘದ ಕಂಪ್ಯೂಟರ್ ಎಷ್ಟು ಮೆಗಾಹರ್ಟ್ಸಿನದು ಎಂದು ವಿಚಾರಿಸೋಣ ಎಂದು ಅವಳ ಕಚೇರಿಗೆ ಹೋದೆ. ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಹೊಸದೊಂದು ಸೂಚನೆ ಅಂಟಿಸಿತ್ತು: 'ಸಿಬ್ಬಂದಿಯ ಮನೆಯವರಿಗೆ ಒಳಗೆ ಪ್ರವೇಶವಿಲ್ಲ.' ಸಂಘದಲ್ಲಿ ಆಗ ಸಿಬ್ಬಂದಿ ಎಂದರೆ ಇಬ್ಬರು, ಅದರಲ್ಲಿ ಕಾರ್ಯದರ್ಶಿಗಳು ಅವಿವಾಹಿತರು. ಅಧ್ಯಾಪಕರ ಅಭ್ಯಾಸ, ಬಾಗಿಲ ಹೊರಗೆ ನಿಂತೇ ಆ ಸೂಚನೆಯನ್ನು ಎರಡು ಸಲ ಓದಿ ತಪ್ಪು ಹುಡುಕಿದೆ. ಟೈಪಿಂಗಿನಲ್ಲಿ ಒಂದೂ ತಪ್ಪಿರಲಿಲ್ಲ.